ಮೂರ್ತಪ್ಪನ ಮುಖ

"ನವಣೆ," ಎಂದಳು ಮೇಘಶ್ರೀ, ಅಂಗೈಯಲ್ಲಿದ್ದ ಕಾಳಿನ ಕಡೆ ಸರಿಯಾಗಿ ನೋಡುವ ಮೊದಲೇ. "ಅಲ್ಲ ಮಿಸ್, ಬರಗು. ಅಲ್ಲಲ್ಲ... ಸಾಮೆ. ಹ್ಞಾಂ, ಸಾಮೆ!"

"ಸರಿ," ಎಂದಳು ಶಾಹೀನ್. ಮುಂದಿನ ತಟ್ಟೆ ಮೇಜಿನ ಮೇಲೆ ಜಾರಿ ಬಂತು.

"ಹುರುಳಿ. ಅಲ್ಲ... ಮಡಕೆ ಕಾಳು."

"ಸರಿ."

"ಇದು ಯೂರಿಯಾ. ತಡೀರಿ ಮಿಸ್, ತಡೀರಿ. ಪೊಟ್ಯಾಷ್... ಅಲ್ಲ, ಡಿಎಪಿ!"

"ಸರಿ," ಎಂದಳು ಶಾಹೀನ್ ಮತ್ತೆ, ಈ ಸಲ ಸ್ವಲ್ಪ ತಡವಾಗಿ.

ಶಾಹೀನಳ ಬೆನ್ನ ಹಿಂದೆ ಗೋಣಿಚೀಲಗಳಿಗೆ ಒರಗಿ ನಿಂತಿದ್ದ ಮೂರ್ತಪ್ಪನಿಗೆ ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಮಗಳು ಒಂದೊಂದು ತಟ್ಟೆ ಗೆದ್ದಾಗಲೂ ಅವನ ಹೆಗಲ ಮೇಲಿನ ಟವೆಲ್ಲು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾರುತ್ತಿತ್ತು. ಪಕ್ಕದಲ್ಲಿ ತನ್ನ ಮಗ ಪ್ರದೀಪನ ಸರದಿಗೆ ಕಾಯುತ್ತಿದ್ದ ಹೊಸದುರ್ಗದ ಶೋಭಾರಾಣಿ ಹೊಟ್ಟೆಕಿಚ್ಚನ್ನು ಮುಚ್ಚಿಡುವ ಗೋಜಿಗೇ ಹೋಗಲಿಲ್ಲ.

"ಏನ್ರಿ ಮೂರ್ತಪ್ಪಾರೆ, ನಿಮ್ ಮಗಳು ಕಾಳಿನ ಕಡೆ ನೋಡ್ದಂಗೇ ಹೇಳ್ತಾಳಲ್ರಿ! ನಮ್ಮೋನು ಅದನ್ನ ಬಾಯಿಗ್ ಹಾಕ್ಕಂಡು ಕಡಿದ್ರೂ ಹೇಳಲ್ಲ."

"ರಕ್ತದಾಗೇ ಐತೆ ಕಣಮ್ಮ," ಎಂದ ಮೂರ್ತಪ್ಪ. "ನಾವೇನು ಹೇಳ್ಕೊಟ್ಟಿಲ್ಲ."

ಅದಂತೂ ನಿಜವಾಗಿತ್ತು. ಹೇಳಿಕೊಟ್ಟಿರಲಿಲ್ಲ. ರಾಮಗಿರಿಯ ಬೆಟ್ಟದ ಬುಡದಲ್ಲಿ ಅವನ ಹೊಲ ಇತ್ತು, ಎರಡು ಎಮ್ಮೆ ಇದ್ದವು, ಮಗಳೂ ಇದ್ದಳು. ಆದರೆ ಓದುವ ಹುಡುಗಿ ಬಿಸಿಲಿಗೆ ಬರಬಾರದು ಎಂದು ಅವನೇ ಅವಳನ್ನು ಚಿಕ್ಕಂದಿನಲ್ಲೇ ಚಿತ್ರದುರ್ಗದ ಹಾಸ್ಟೆಲ್ಲಿಗೆ ಸೇರಿಸಿದ್ದ. ರಜೆಗೆ ಬಂದವಳು ಹೊಲದ ಕಡೆ ಹೊರಟರೆ, "ಹೋಗು, ಫ್ಯಾನ್ ಕೆಳಗ್ ಕುಂತ್ಕಂಡು ಓದ್ಕೋ," ಎಂದು ಬದುವಿನ ಮೇಲಿಂದಲೇ ಹಿಂದಕ್ಕೆ ಕಳಿಸುತ್ತಿದ್ದ. ಅವಳು ಓದಿದಳು. ಓದಿ ಓದಿ, ಎಮ್ಮೆಗೆ ಇಂಜೆಕ್ಷನ್ ಕೊಡುವ ಡಾಕ್ಟರಾಗಬೇಕು ಎಂದು ತೀರ್ಮಾನಿಸಿದಳು. ಈಗ ಆ ತೀರ್ಮಾನವೇ ಅವಳನ್ನು ಹೊಲದ ಕಡೆಗೆ ತಿರುಗಿಸಿತ್ತು.

ಸಿಇಟಿ ಬರೆದಾಗಿತ್ತು. ಉತ್ತರಗಳನ್ನು ತಾಳೆ ಹಾಕಿ ನೋಡಿಕೊಂಡಿದ್ದ ಮೇಘಶ್ರೀಗೆ ಗೊತ್ತಿತ್ತು: ಎಲ್ಲರ ಜೊತೆ ಸಾಲಿನಲ್ಲಿ ನಿಂತರೆ ಪಶುವೈದ್ಯ ಸೀಟು ಅವಳವರೆಗೆ ಬರುವುದಿಲ್ಲ. ಆದರೆ ರೈತರ ಮಕ್ಕಳಿಗೆ ಬೇರೊಂದು ಸಾಲು ಇತ್ತು. ಆ ಸಾಲಿಗೆ ಸೇರಲು ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಮೇಜಿನ ಮೇಲೆ ಸಾಲಾಗಿ ಕಾಳು, ಗೊಬ್ಬರ, ಸೊಪ್ಪು, ರೇಷ್ಮೆಗೂಡು, ಬಿತ್ತುವ ಕೂರಿಗೆಯ ತುಂಡು ಇಟ್ಟಿರುತ್ತಾರೆ. ಗಂಟೆ ಬಾರಿಸುತ್ತಾರೆ. ನೋಡಿ, ಇದು ಇಂಥದ್ದು ಎಂದು ಬರೆದು ಮುಂದಿನ ಮೇಜಿಗೆ ಹೋಗಬೇಕು. ನೀನು ರೈತನ ಮಗಳು ಹೌದೋ ಅಲ್ಲವೋ ಎಂದು ಕಾಳುಗಳು ಹೇಳುತ್ತವೆ.

ಅದಕ್ಕೇ ಅವರು ಹೊಳಲ್ಕೆರೆಯ ಪೇಟೆಬೀದಿಯಲ್ಲಿ ಅಬ್ದುಲ್ ರಶೀದರ ಬೀಜದ ಅಂಗಡಿಯ ಗೋಡೌನಿನಲ್ಲಿದ್ದರು. ರಶೀದರ ಮಗಳು ಶಾಹೀನ್ ಕೃಷಿ ಪದವಿ ಮುಗಿಸಿ ಸರ್ಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದಳು. ಓದಿ ಬೇಜಾರಾದಾಗ ಸುತ್ತಲಿನ ಹುಡುಗ ಹುಡುಗಿಯರನ್ನು ಭಾನುವಾರ ಕೂರಿಸಿಕೊಂಡು ಈ ಪರೀಕ್ಷೆಗೆ ತಯಾರು ಮಾಡುತ್ತಿದ್ದಳು. ತಾನು ಅದೇ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ, ಅಪ್ಪನಿಗೆ ಅಂಗಡಿ ಇತ್ತೇ ಹೊರತು ಹೊಲ ಇರಲಿಲ್ಲ ಎಂದು ಅವಳು ನಗುತ್ತಾ ಹೇಳುತ್ತಿದ್ದಳು. ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ಬರುತ್ತಿದ್ದರು. ಬರಬೇಡಿ ಎಂದರೂ ಬರುತ್ತಿದ್ದರು.

ರಶೀದರು ಅಂಗಡಿಯ ಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತು ಎಲ್ಲವನ್ನೂ ನೋಡುತ್ತಿದ್ದರು. ಮೇಘಶ್ರೀ ಮತ್ತೆರಡು ತಟ್ಟೆ ಗೆದ್ದ ಮೇಲೆ ಮಗಳನ್ನು ಕರೆದು ಕಿವಿಯಲ್ಲಿ ಏನೋ ಹೇಳಿದರು. ಶಾಹೀನ್ ಒಮ್ಮೆ ಮೂರ್ತಪ್ಪನ ಕಡೆ ನೋಡಿದಳು. ತುಟಿ ಕಚ್ಚಿಕೊಂಡಳು.

"ಪೇರೆಂಟ್ಸ್ ಎಲ್ಲ ಹೊರಗೆ ಬರ್ರಿ," ಎಂದರು ರಶೀದರು. "ಟೀ ನಂದು. ಮಕ್ಕಳು ಒಂದು ಪರೀಕ್ಷೆ ಬರೀತಾರೆ."

"ನಾನು ಇಲ್ಲೇ ಇರ್ತೀನಿ, ಟೀ ಬ್ಯಾಡ ನಂಗೆ," ಎಂದ ಮೂರ್ತಪ್ಪ.

"ಲೇ ಮೂರ್ತಿ, ಕರೆದಾಗ ಬಾ. ನಿನ್ನ ಸಲುವಾಗೇ ಟೀ ತರಿಸಿರೋದು."

ಟೀ ಮುಗಿಯಿತು, ರಾಜಕೀಯ ಮುಗಿಯಿತು, ಶೋಭಾರಾಣಿಯ ಮಂಡಿನೋವಿನ ಕತೆಯೂ ಅರ್ಧಕ್ಕೆ ಬಂತು. ಅಷ್ಟರಲ್ಲಿ ಶಾಹೀನ್ ಹಾಳೆಗಳನ್ನು ಹಿಡಿದು ಹೊರಗೆ ಬಂದಳು. ಪ್ರದೀಪನಿಗೆ ಎಲ್ಲರಿಗಿಂತ ಹೆಚ್ಚು ಅಂಕ ಬಂದಿತ್ತು. ಶೋಭಾರಾಣಿ ಮಂಡಿನೋವನ್ನು ಅಲ್ಲೇ ಬಿಟ್ಟು ಎದ್ದು ನಿಂತಳು.

ಮೇಘಶ್ರೀಯ ಹಾಳೆಯನ್ನು ಮೂರ್ತಪ್ಪ ಕೈಗೆ ತೆಗೆದುಕೊಂಡು ಓದಿದ. ಸಾಮೆ. ಸಾಮೆ. ರಾಗಿ ಇರಬಹುದು. ಸಾಮೆ. ಯಾವುದೋ ಗೊಬ್ಬರ. ಸಾಮೆ.

"ಇದ್ಯಾರದಮ್ಮ?" ಎಂದ.

"ನಿಮ್ ಮಗಳದೇ ಕಾಕಾ."

"ಈಗ ತಾನೇ ಎಲ್ಲಾ ಹೇಳಿದ್ಲಲ್ಲ!"

ರಶೀದರು ಲೋಟ ಕೆಳಗಿಟ್ಟರು. "ಅವಳು ಕಾಳು ನೋಡಿ ಹೇಳ್ಲಿಲ್ಲ ಕಣೋ. ನಿನ್ನ ಮುಖ ನೋಡಿ ಹೇಳಿದ್ಲು. ನವಣೆ ಅಂದ್ಲು, ನೀನು ಹುಣಿಸೆಹಣ್ಣು ತಿಂದೋನಂಗೆ ಆದೆ. ಬರಗು ಅಂದ್ಲು, ಕಣ್ಣು ಮುಚ್ಚಿದೆ. ಸಾಮೆ ಅಂದ್ಲು, ಟ್ಯೂಬ್‌ಲೈಟ್ ಹತ್ತಿದಂಗೆ ಹತ್ತಿದೆ. ಇಡೀ ಹೊಳಲ್ಕೆರೆಗೆ ಕಾಣ್ತಿತ್ತು ಬೆಳಕು."

ತನ್ನ ಮುಖದ ಖ್ಯಾತಿ ಮೂರ್ತಪ್ಪನಿಗೆ ಹೊಸದಲ್ಲ. ದನದ ಸಂತೆಯಲ್ಲಿ ಅವನು ಎಮ್ಮೆ ಕೊಳ್ಳಲು ಹೋದರೆ ದಲ್ಲಾಳಿಗಳು ಒಬ್ಬರನ್ನೊಬ್ಬರು ತಿವಿದು ಜಾಗ ಮಾಡಿಕೊಡುತ್ತಿದ್ದರು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಮುಟ್ಟಿ ಮಾತಾಡುತ್ತಾರೆ. ಯಾರಿಗೂ ಗೊತ್ತಾಗಬಾರದು ಎಂಬುದೇ ಆ ಟವೆಲ್ಲಿನ ಉದ್ದೇಶ. ಆದರೆ ಮೂರ್ತಪ್ಪನ ಕೈ ಟವೆಲ್ಲಿನ ಕೆಳಗಿದ್ದರೂ ವ್ಯಾಪಾರವೆಲ್ಲ ಮುಖದ ಮೇಲೆ ನಡೆಯುತ್ತಿತ್ತು. ಅದಕ್ಕೇ ಅವನ ಹೆಂಡತಿ ಯಶೋಧಾ ಅವನೊಬ್ಬನನ್ನೇ ಸಂತೆಗೆ ಕಳಿಸುವುದನ್ನು ನಿಲ್ಲಿಸಿದ್ದಳು.

ಮೇಘಶ್ರೀ ಬಾಗಿಲ ಬಳಿ ಬಂದು ನಿಂತಳು. ಅಳುತ್ತಾಳೆ ಎಂದುಕೊಂಡ ಮೂರ್ತಪ್ಪ. ಅಳಲಿಲ್ಲ. ಅವಳ ಮುಖದಲ್ಲಿ ಬೆರಗಿತ್ತು.

"ನಾನು ಕಾಳೇ ನೋಡ್ತಿದೀನಿ ಅಂದ್ಕಂಡಿದ್ದೆ ಮಿಸ್," ಎಂದಳು. "ದೇವ್ರಾಣೆ. ನನಗೇ ಗೊತ್ತಿರ್ಲಿಲ್ಲ."

"ಪರೀಕ್ಷೆಗೆ ಇನ್ನು ಹತ್ತು ದಿನ ಐತೆ," ಎಂದಳು ಶಾಹೀನ್. "ಅಲ್ಲಿ ನಿಮ್ಮಪ್ಪ ಇರಲ್ಲ. ನೀನು, ಕಾಳು, ಅಷ್ಟೇ."

"ಹಂಗಾದ್ರೆ ಈಗಿಂದ್ಲೇ ಮುಖ ಮುಚ್ಕಂತೀನಿ," ಎಂದ ಮೂರ್ತಪ್ಪ, ಹೆಗಲ ಮೇಲಿನ ಟವೆಲ್ಲನ್ನು ತಲೆಯ ಮೇಲಿಂದ ಗಲ್ಲದವರೆಗೆ ಇಳಿಬಿಟ್ಟು. "ಕೇಳಮ್ಮ ಶಾಹೀನ್, ಕೇಳು."

ಮತ್ತೆ ಮೇಜಿನ ಹತ್ತಿರ ಹೋದರು. ಟವೆಲ್ಲಿನೊಳಗಿನ ಮೂರ್ತಪ್ಪನಿಗೆ ಏನೂ ಕಾಣುತ್ತಿರಲಿಲ್ಲ, ಕೇಳಿಸುತ್ತಿತ್ತು ಮಾತ್ರ. ಎದುರಿನ ತಟ್ಟೆಯಲ್ಲಿ ಹುಚ್ಚೆಳ್ಳು ಇರುವುದನ್ನು ಮುಖ ಮುಚ್ಚುವ ಮೊದಲೇ ಕದ್ದು ನೋಡಿಕೊಂಡಿದ್ದ.

"ಸಾಸಿವೆ," ಎಂದಳು ಮೇಘಶ್ರೀ.

ಟವೆಲ್ಲಿನೊಳಗಿಂದ ಕೆಮ್ಮು ಬಂತು.

"ಎಳ್ಳು?"

ಇನ್ನೊಂದು ಕೆಮ್ಮು, ಸ್ವಲ್ಪ ಮೆತ್ತಗೆ.

"ಹುಚ್ಚೆಳ್ಳು!"

ಟವೆಲ್ಲು ಉಸಿರು ಬಿಟ್ಟಿತು. ಗೋಡೌನಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಶೋಭಾರಾಣಿಯಂತೂ ಚೀಲದ ಮೇಲೆ ಕುಸಿದು ಕುಳಿತು, "ಅಯ್ಯೋ ನನ್ ಮಂಡಿ," ಎಂದು ಅರಚುತ್ತಾ ನಕ್ಕಳು. ರಶೀದರು ಮೂರ್ತಪ್ಪನ ತೋಳು ಹಿಡಿದು ಗೊಬ್ಬರದ ಚೀಲಗಳ ಆಚೆ ಕೂರಿಸಿ ಬಂದರು. ಪ್ರಯೋಜನವಾಗಲಿಲ್ಲ. ಹುಡುಗಿ ಪ್ರತಿ ಉತ್ತರದ ನಂತರವೂ ಆ ಚೀಲಗಳ ಕಡೆಗೇ ನೋಡುತ್ತಿದ್ದಳು, ಚೀಲಗಳು ಹೌದೆಂದಾವು ಎಂಬಂತೆ.

ಇಬ್ಬರೂ ಬೈಕಿನ ಮೇಲೆ ಊರಿಗೆ ಹೊರಟರು. ಬೆಟ್ಟ ಕಾಣುವಾಗ ಮೇಘಶ್ರೀ ಹಿಂದಿನಿಂದ ಹೇಳಿದಳು:

"ಅಪ್ಪಾ, ಹಾಸ್ಟೆಲ್ಲಿನಾಗೂ ಹಿಂಗೇ ಮಾಡ್ತಿದ್ದೆ ಅನ್ಸುತ್ತೆ. ಮೇಷ್ಟ್ರು ಕೇಳಿದ್ರೆ ಅವ್ರ ಮುಖ ನೋಡ್ತಾ ಹೇಳೋದು."

"ಅವ್ರ ಮುಖನೂ ನನ್ ಮುಖದಂಗೇ ಐತಾ?"

"ಯಾರದೂ ನಿನ್ ಮುಖದಷ್ಟು ಚೆನ್ನಾಗಿಲ್ಲ ಬಿಡು."

ಮೂರ್ತಪ್ಪ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. ಬೈಕು ಸ್ವಲ್ಪ ಓಲಾಡಿತು.

ಯಶೋಧಾ ವಿಷಯ ಕೇಳಿ ಮೊದಲು ನಕ್ಕಳು, ಆಮೇಲೆ ಮಗಳನ್ನು ಅಪ್ಪಿಕೊಂಡಳು, ಆಮೇಲೆ ಗಂಡನ ಕಡೆ ತಿರುಗಿದಳು. "ಬಿಸಿಲಿಗೆ ಬರಬ್ಯಾಡ, ಬಿಸಿಲಿಗೆ ಬರಬ್ಯಾಡ ಅಂದ್ರಲ್ಲ, ಈಗ ನೋಡ್ರಿ. ನಾಳೆಯಿಂದ ನಾನೇ ಕಲಿಸ್ತೀನಿ. ನೀವು ಎಮ್ಮೆ ಹತ್ರ ಹೋಗ್ರಿ."

ಆದರೆ ಯಶೋಧಾಗೆ ತಾಳ್ಮೆ ಇರಲಿಲ್ಲ. "ಇದು ಅಲಸಂದೆ, ಇದು ಅವರೆ, ಇದರಾಗೆ ಗೊತ್ತಾಗದೇನು ಐತೆ?" ಎನ್ನುತ್ತಿದ್ದಳು. ಗೊತ್ತಿರುವವರಿಗೆ ಗೊತ್ತಿಲ್ಲದಿರುವುದು ಹೇಗೆ ಎಂಬುದೇ ಗೊತ್ತಾಗುವುದಿಲ್ಲ. ಹಿತ್ತಿಲಿನಲ್ಲಿ ಎಮ್ಮೆಯ ಮೈ ತೊಳೆಯುತ್ತಾ ಮೂರ್ತಪ್ಪ ಅದನ್ನು ಕೇಳಿಸಿಕೊಳ್ಳುತ್ತಿದ್ದ. ಮಗಳು ಪಾಪ, ಈಗ ಅಮ್ಮನ ಮುಖ ನೋಡುತ್ತಿರುತ್ತಾಳೆ. ಅಮ್ಮನ ಮುಖ ಯಾವಾಗಲೂ ಸಿಡಿಮಿಡಿಯೇ ಆದ್ದರಿಂದ ಅವಳಿಗೆ ಅಲ್ಲಿ ಏನೂ ಸಿಗುತ್ತಿರಲಿಕ್ಕಿಲ್ಲ.

ಎಮ್ಮೆಯ ಬೆನ್ನು ಉಜ್ಜುತ್ತಿರುವಾಗಲೇ ಅವನಿಗೆ ಅದು ಹೊಳೆದದ್ದು. ತಂಬಿಗೆ ಅಲ್ಲೇ ಬಿಟ್ಟು ಒದ್ದೆ ಕೈಯಲ್ಲೇ ಒಳಗೆ ಬಂದ.

"ಮೇಘಾ, ಟವೆಲ್ ಕೆಳಗೆ ಕೈ ತಾ."

"ಯಾಕಪ್ಪ?"

"ವ್ಯಾಪಾರ."

ಜಗುಲಿಯ ಮೇಲೆ ಎದುರುಬದುರು ಕುಳಿತರು. ನಡುವೆ ಟವೆಲ್ಲು. ಅವನು ಅದರ ಕೆಳಗೆ ಅವಳ ಅಂಗೈಗೆ ಒಂದು ಚಿಟಿಕೆ ಕಾಳು ಹಾಕಿದ. "ಕಣ್ಣಿಂದ ನೋಡಂಗಿಲ್ಲ. ನಾನೂ ಗೋಡೆ ಕಡೆ ಮುಖ ಮಾಡ್ತೀನಿ. ಬೆರಳಿಂದ ಹೇಳು."

ಮೇಘಶ್ರೀ ಕಾಳನ್ನು ಉಜ್ಜಿದಳು, ಉರುಳಿಸಿದಳು. "ದುಂಡಗೈತೆ. ನುಣ್ಣಗೈತೆ. ರಾಗಿ?" ಟವೆಲ್ಲಿನ ಕೆಳಗೆ ಅವಳ ಇನ್ನೊಂದು ಕೈ ಅವನ ಮಣಿಕಟ್ಟಿನ ಮೇಲಿತ್ತು. "ಅಲ್ಲ. ಸಾಸಿವೆ."

"ಭೇಷ್!"

"ಅಪ್ಪಾ, ನಿನ್ ಕೈ ನಡುಗ್ತು. ರಾಗಿ ಅಂದಾಗ."

ಮೂರ್ತಪ್ಪ ಕೈ ಕಿತ್ತುಕೊಂಡ. ಅಡಿಗೆಮನೆಯಿಂದ ಯಶೋಧಾಳ ನಗು ಕೇಳಿಸಿತು. "ಇನ್ನು ಉಳಿದಿರೋದು ಕಾಲು ಒಂದೇ ಕಣ್ರಿ. ಅದನ್ನೂ ಕಟ್ಹಾಕ್ಕಳ್ರಿ."

ಅವನು ಸೋತು ಗೋಡೆಗೆ ಒರಗಿದ. ಮೈಯೆಲ್ಲ ಬಾಯಾಗಿರುವ ಮನುಷ್ಯನಿಂದ ಮಗಳಿಗೆ ಏನು ಉಪಕಾರ? ಅವನ ಕಣ್ಣ ಮುಂದೆ ಪರೀಕ್ಷೆಯ ಕೋಣೆ ಬಂತು, ಗಂಟೆ ಬಡಿಯಿತು. ಮಗಳು ತಲೆಯೆತ್ತಿ ಯಾರ ಮುಖವೂ ಇಲ್ಲದ ಗೋಡೆಯನ್ನು ನೋಡುತ್ತಿದ್ದಳು. ಸಾಮೆ, ಸಾಮೆ, ಸಾಮೆ.

"ಸರಿ, ಈಗ ನೀನು ಹೇಳು," ಎಂದಳು ಮೇಘಶ್ರೀ.

"ಏನು?"

"ನಾನು ಹಾಕ್ತೀನಿ. ನೀನು ಹೇಳು. ಎಷ್ಟು ಗೊತ್ತು ಅಂತ ನೋಡಾಣ."

ಅವಳು ಒಳಗೆ ಹೋಗಿ ಡಬ್ಬಗಳನ್ನು ತಡಕಾಡಿ ಬಂದಳು. ಟವೆಲ್ಲಿನ ಕೆಳಗೆ ಅವನ ಅಂಗೈಗೆ ಕಾಳು ಬಿತ್ತು. ಮೂರ್ತಪ್ಪ ಎರಡು ಬೆರಳಲ್ಲಿ ಹಿಸುಕಿ, "ನವಣೆ," ಎಂದ, ಮತ್ತು ಅಭ್ಯಾಸಬಲದಿಂದ ಮಗಳ ಮುಖ ನೋಡಿದ.

ಮಗಳ ಮುಖದಲ್ಲಿ ಏನೂ ಇರಲಿಲ್ಲ. ಯಾಕೆಂದರೆ ಅವಳಿಗೇ ಅದು ಯಾವ ಕಾಳೆಂದು ಗೊತ್ತಿರಲಿಲ್ಲ.

"ಅಮ್ಮಾ, ಸ್ಟೀಲ್ ಡಬ್ಬದಾಗಿರೋದು ಏನು?"

"ನವಣೆ ಕಣೇ!"

ಮೇಘಶ್ರೀ ಎದ್ದು ಹೋಗಿ ಬಹಳ ಹೊತ್ತು ಒಳಗೇ ಇದ್ದಳು. ಡಬ್ಬದ ಮುಚ್ಚಳಗಳ ಸದ್ದು ಕೇಳಿಸುತ್ತಿತ್ತು. ಅಮ್ಮನನ್ನು ಪಿಸುಮಾತಿನಲ್ಲಿ ಏನೇನೋ ಕೇಳುತ್ತಿದ್ದಳು. ಹೊರಗೆ ಬಂದಾಗ ಅವಳ ಮುಷ್ಟಿ ಬಿಗಿಯಾಗಿತ್ತು, ಕಣ್ಣಲ್ಲಿ ಕಳ್ಳತನ ಇತ್ತು.

"ಹೇಳು."

"ಸಾಮೆ."

ಅವಳ ಹುಬ್ಬು ಗಂಟಿಕ್ಕಿತು. ತುಟಿ ಓರೆಯಾಯಿತು. ಅವನಿಗೆ ಆ ಮುಖ ಚೆನ್ನಾಗಿ ಗೊತ್ತಿತ್ತು, ತನ್ನದೇ ಮುಖ ಅದು. "ಅಲ್ಲವಾ? ಹಂಗಾದ್ರೆ ಬರಗು," ಎಂದು ತಿದ್ದಿಕೊಂಡ.

"ತಪ್ಪು! ಸಾಮೆನೇ! ಸರಿ ಹೇಳಿದ್ದೆ ನೀನು!" ಮೇಘಶ್ರೀ ಜಗುಲಿಯ ಮೇಲೆ ಕುಣಿದಳು. "ಅಮ್ಮಾ, ಅಪ್ಪ ಸಾಮೆ ತಪ್ಪು ಹೇಳಿದ್ರು! ನಾನು ಸುಳ್ಳು ಮುಖ ಮಾಡಿದ್ದಕ್ಕೆ ನಂಬಿಬಿಟ್ರು!"

ಹುಟ್ಟಿದಾಗಿನಿಂದ ಸಾಮೆ ತಿಂದು ಬೆಳೆದ ಮೂರ್ತಪ್ಪ ತನ್ನ ಅಂಗೈ ನೋಡಿಕೊಂಡ. ಅವನಿಗೆ ಇಷ್ಟು ಸಂತೋಷವಾದದ್ದು ಯಾವಾಗ ಎಂದು ನೆನಪಾಗಲಿಲ್ಲ. ಮಗಳು ಸುಳ್ಳು ಮುಖ ಮಾಡಬೇಕಾದರೆ ಮೊದಲು ನಿಜ ಗೊತ್ತಿರಬೇಕು. ಗೊತ್ತಾಗಬೇಕಾದರೆ ಕಾಳಿನ ಕಡೆಗೇ ನೋಡಬೇಕು. ಬೇರೆ ದಾರಿ ಇಲ್ಲ.

"ಇನ್ನೊಂದು ಹಾಕು," ಎಂದ. "ಈ ಸಲ ನಂಬಲ್ಲ."

ಅವತ್ತಿನಿಂದ ಮನೆಯಲ್ಲಿ ಮೇಘಶ್ರೀಯೇ ಪರೀಕ್ಷಕಿ. ಬೆಳಿಗ್ಗೆ ಹೊಲಕ್ಕೆ ಅವನ ಹಿಂದೆಯೇ ಬರುತ್ತಿದ್ದಳು, ಅವನನ್ನು ಸಿಕ್ಕಿಹಾಕಿಸುವ ಸಾಮಾನು ಹುಡುಕಲು. ಬದುವಿನ ಸೊಪ್ಪು, ಪಕ್ಕದ ತೋಟದ ಹಸಿರುಗೊಬ್ಬರದ ಗಿಡ, ಎಲೆಯ ಹಿಂದಿನ ಹುಳ. ಯಾರದ್ದೋ ಮನೆಯಿಂದ ಕುಸುಬೆ ತಂದಳು, ಇನ್ಯಾರದ್ದೋ ಅಟ್ಟದಿಂದ ಕೂರಿಗೆಯ ಬೀಜದ ಕೊಳವೆ ಸೆಡ್ಡೆಯನ್ನು ಹೊತ್ತು ತಂದಳು. ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವವರೇ: "ಏನಮ್ಮ ಡಾಕ್ಟ್ರೇ, ಇವತ್ತು ನಿಮ್ಮಪ್ಪ ಪಾಸೋ ಫೇಲೋ?" ನೆರೆಮನೆಯ ಏಕಾಂತಮ್ಮ ಸಂಜೆಯಾದರೆ ಎಲೆಅಡಿಕೆ ಚೀಲ ಹಿಡಿದು ಜಗುಲಿಗೆ ಬಂದು ಕೂರುತ್ತಿದ್ದಳು. ಟೀವಿ ನೋಡುವುದನ್ನು ಬಿಟ್ಟೇ ಬಿಟ್ಟಿದ್ದಳು.

"ಈ ಹುಡುಗಿ ಮುಖ ನೋಡ್ರೇ, ಕಲ್ಲು," ಎನ್ನುತ್ತಿದ್ದಳು ಏಕಾಂತಮ್ಮ. "ಅಪ್ಪಂದು ಬೆಣ್ಣೆ, ಮಗಳದು ಕಲ್ಲು. ಯಾರ ಕಡೆ ಹೋಗ್ಯಾಳೋ ಇವಳು!"

"ನಮ್ ಕಡೆ," ಎಂದಳು ಯಶೋಧಾ ಒಳಗಿನಿಂದ.

ಒಂದು ಸಂಜೆ ಮೇಘಶ್ರೀ ಟವೆಲ್ಲಿನ ಕೆಳಗೆ ಹಾಕಿದ್ದನ್ನು ಮೂರ್ತಪ್ಪ ಎಷ್ಟು ಉಜ್ಜಿದರೂ ಗುರುತಿಸಲಾಗಲಿಲ್ಲ. ಸಣ್ಣ ಗುಂಡು, ನುಣುಪು, ಒಂದೇ ಅಳತೆ. ಬೀಜ ಎಂದ. ಗೊಬ್ಬರ ಎಂದ. ಮಾತ್ರೆ ಎಂದ. ಅವಳ ಮುಖ ನೋಡಿದ. ಎಲ್ಲದಕ್ಕೂ ಅವಳು ಒಂದೇ ಸಮ ತಲೆಯಾಡಿಸಿದಳು. ಕೊನೆಗೆ ಟವೆಲ್ಲು ಎತ್ತಿದರೆ ಗುಲಾಬಿ ಬಣ್ಣದ ಕಾಳುಗಳು. ಔಷಧಿ ಲೇಪಿಸಿದ ತರಕಾರಿ ಬೀಜ, ಶಾಹೀನ್ ಮಿಸ್ ಕೊಟ್ಟು ಕಳಿಸಿದ್ದು.

"ಇದು ಮೋಸ," ಎಂದ ಮೂರ್ತಪ್ಪ.

"ಪರೀಕ್ಷೇಲಿ ಇದೂ ಇಡ್ತಾರಂತೆ. ಬೇಗ ಕೈ ತೊಳ್ಕೋ, ವಿಷ ಐತೆ," ಎಂದಳು ಮಗಳು. ಇನ್ನೂ ಕಾಲೇಜು ಸೇರದಿದ್ದರೂ ಧ್ವನಿ ಡಾಕ್ಟರದ್ದೇ ಆಗಿತ್ತು.

ಮುಂದಿನ ಭಾನುವಾರ ಮೂರ್ತಪ್ಪ ತಾನಾಗಿಯೇ ಗೋಡೌನಿನ ಹೊರಗೆ ನಿಂತ. ಟೀ ಕುಡಿದ. ಮತ್ತೊಂದು ಟೀ ಕುಡಿದ. ಶೋಭಾರಾಣಿ ಈ ಸಲ ಹೊಸ ಚಿಂತೆ ತಂದಿದ್ದಳು: ಸೀಟಿನ ಅರ್ಜಿಯಲ್ಲಿ ಕಾಲೇಜುಗಳನ್ನು ಯಾವ ಕ್ರಮದಲ್ಲಿ ಹಾಕಬೇಕು ಎಂಬುದು.

"ನಮ್ಮೋನು ಬೀದರ್ ಮೊದಲು ಹಾಕ್ತೀನಿ ಅಂತಾನೆ. ಬೀದರ್ ಅಂದ್ರೆ ಎಲ್ಲೈತೆ? ಆ ಕಡೆ ಇನ್ನೊಂದು ಹೆಜ್ಜೆ ಇಟ್ರೆ ಬೇರೆ ರಾಜ್ಯ. ನಾನು ಶಿವಮೊಗ್ಗ ಅಂತೀನಿ. ಭಾನುವಾರ ಹೋಗಿ ಬಟ್ಟೆ ಒಗೆದು ಕೊಟ್ಟು ಬರಬೋದು."

"ಅದಕ್ಕೇ ಅವನು ಬೀದರ್ ಅಂತಿರೋದು ಅಕ್ಕ," ಎಂದರು ರಶೀದರು. "ಮಕ್ಕಳಿಗೆ ಬೇಕಾಗಿದ್ದು ಮೊದಲು ಹಾಕ್ಬೇಕು, ನಮಗೆ ಹತ್ರ ಆಗೋದಲ್ಲ. ಮೊದಲು ಹಾಕಿದ್ದು ಸಿಕ್ಕಿಬಿಟ್ರೆ ಕೆಳಗಿರೋದ್ನ ಯಾರೂ ನೋಡಲ್ಲ. ಶಾಹೀನ್ ಟೈಮಿನಾಗೆ ನಾನೂ ಹಿಂಗೇ ಮಾಡಿದ್ದೆ. ದಾವಣಗೆರೆ, ದಾವಣಗೆರೆ ಅಂತ ಕುಂತಿದ್ದೆ. ಆಮೇಲೆ ನೋಡಿದ್ರೆ ಅವಳಿಗೆ ಬೇಕಾದ ಕೋರ್ಸು ಅಲ್ಲಿರಲೇ ಇಲ್ಲ."

"ನೀವೇನು ಹಾಕಿಸ್ತೀರಿ ಮೂರ್ತಪ್ಪಾರೆ?" ಎಂದಳು ಶೋಭಾರಾಣಿ.

"ಅವಳನ್ನೇ ಕೇಳಮ್ಮ. ನಂಗೆ ಹೇಳಿಲ್ಲ. ಕೇಳಿದ್ರೆ ಕಲ್ಲಿನಂಗೆ ಕುಂತ್ಕಂತಾಳೆ."

ಹೇಳುವಾಗ ಅವನಿಗೆ ಒಂದಿಷ್ಟು ಚುರುಕ್ ಎಂದಿತು. ಅವಳ ಮುಖ ಈಗೀಗ ಅವನಿಗೆ ಓದಲು ಆಗುತ್ತಿರಲಿಲ್ಲ. ತಾನೇ ಕಲಿಸಿದ ವಿದ್ಯೆ. ಆದರೂ ಊಟಕ್ಕೆ ಕುಳಿತಾಗ ಸಾರು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯಲೂ ಅವಳನ್ನು ಬಾಯಿ ಬಿಟ್ಟು ಕೇಳಬೇಕಾಗಿ ಬಂದಿತ್ತು.

ಶಾಹೀನ್ ಹಾಳೆಗಳನ್ನು ಹಿಡಿದು ಬಂದಳು. ಮೂರ್ತಪ್ಪ ಮೊದಲು ಅವಳ ಮುಖ ನೋಡಿದ. ಮಗಳು ಗೆದ್ದಿರುವುದು ಅಲ್ಲೇ ಬರೆದಿತ್ತು. ಹಾಳೆಯಲ್ಲಿ ನವಣೆ ನವಣೆಯೇ ಆಗಿತ್ತು, ಊದಲು ಊದಲಾಗಿತ್ತು. ಹಸಿರುಗೊಬ್ಬರದ ಡಯಾಂಚವೂ ಸೆಣಬೂ ಒಂದು ಕಡೆ ಅದಲುಬದಲಾಗಿದ್ದವು, ಅಷ್ಟೇ. ಪ್ರದೀಪ ಎರಡನೆಯವನು.

"ಏನ್ ಮಾಡಿದ್ರಿ ಕಾಕಾ ಮನೇಲಿ?" ಎಂದಳು ಶಾಹೀನ್.

"ನಾನು ಫೇಲಾದೆ ಕಣಮ್ಮ. ದಿನಾ ಫೇಲಾದೆ," ಎಂದ ಮೂರ್ತಪ್ಪ. ಅವನ ಮುಖ ಬೀದಿಗೆಲ್ಲ ಕಾಣುವಂತೆ ಹತ್ತಿಕೊಂಡಿತ್ತು.

ಪರೀಕ್ಷೆಯ ದಿನ ಬೆಳಿಗ್ಗೆಯೇ ಹಿರಿಯೂರಿನಲ್ಲಿ ಬಸ್ಸಿಳಿದು ಪರೀಕ್ಷೆ ನಡೆಯುವ ಬಬ್ಬೂರಿನ ಕೃಷಿ ಫಾರಮ್ಮಿಗೆ ಆಟೋ ಹಿಡಿದರು. ಮೋಡ ಕವಿದಿತ್ತು, ಮಾರಿಕಣಿವೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು. ಆಟೋದಲ್ಲಿ ಶೋಭಾರಾಣಿ ಪ್ರದೀಪನ ಬಾಯಿಗೆ ಉಪ್ಪಿಟ್ಟು ತುರುಕುತ್ತಿದ್ದಳು. ಅವನು ಅದನ್ನು ನುಂಗುತ್ತಾ ಗಿಡಗಳ ಹೆಸರು ಹೇಳುತ್ತಿದ್ದ. ಮೇಘಶ್ರೀ ಹೊರಗೆ ನೋಡುತ್ತಾ ಕುಳಿತಿದ್ದಳು. ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಏನನ್ನೋ ಉರುಳಿಸುತ್ತಲೇ ಇತ್ತು. ಕೈಯಲ್ಲಿ ಏನೂ ಇರಲಿಲ್ಲ.

ಫಾರಮ್ಮಿನಲ್ಲಿ ಮಕ್ಕಳು ವೆರಾಂಡದ ಉದ್ದಕ್ಕೂ ಸಾಲಾಗಿ ನಿಂತರು. ಅಪ್ಪ ಅಮ್ಮಂದಿರು ಹೊರಗೆ ಬೇವಿನ ಮರದ ಕೆಳಗೆ. ಎಲ್ಲರೂ ಎಲ್ಲರಿಗೂ ಕೊನೆಯ ಮಾತು ಕೂಗಿ ಹೇಳುತ್ತಿದ್ದರು. "ಲೇ, ಕಾಳು ವಾಸನೆ ನೋಡೋ!" "ಹೆಸರು ಮೊದಲು ಬರಿ ಕಣೇ, ಹೆಸರು!" "ನೀರ್ ಕುಡೀ!" ಮೂರ್ತಪ್ಪ ಮಾತ್ರ ಮರಕ್ಕೆ ಬೆನ್ನು ಕೊಟ್ಟು, ಬಾಯಿ ಬಿಗಿಹಿಡಿದು ನಿಂತ. ಕಿಟಕಿಗಳು ತೆರೆದಿದ್ದವು. ಒಳಗೆ ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜುಗಳು. ಅವುಗಳ ಮೇಲೆ ಸಣ್ಣ ಸಣ್ಣ ತಟ್ಟೆಗಳು. ತಟ್ಟೆಯೊಳಗೆ ಏನಿದೆ ಎಂಬುದು ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ಕಾಣಬೇಕಾದರೆ ವೆರಾಂಡಕ್ಕೆ ಹೋಗಬೇಕು.

ಹನಿ ಬೀಳತೊಡಗಿತು.

ಒಳಗಿನಿಂದ ಒಬ್ಬಳು ಅಧಿಕಾರಿ ಹೊರಗೆ ಬಂದಳು. ನಡುವಯಸ್ಸಿನ ಹೆಂಗಸು, ಸೀರೆಯ ಮೇಲೆ ಸ್ವೆಟರು. ಮರದ ಕೆಳಗಿನ ಗುಂಪು ನೋಡಿ ಅವಳಿಗೆ ಮರುಕ ಬಂತು.

"ಯಾಕ್ರಿ ನೆನೀತೀರಿ? ವೆರಾಂಡಕ್ಕೆ ಬರ್ರಿ, ಬೆಂಚು ಅವೆ, ಕುಂತ್ಕಳ್ರಿ. ಸದ್ದು ಮಾತ್ರ ಮಾಡಬ್ಯಾಡ್ರಿ."

ಮರದ ಕೆಳಗಿನ ಜನ ಒಂದೇ ಉಸಿರಿಗೆ ವೆರಾಂಡ ಹತ್ತಿತು. ಶೋಭಾರಾಣಿಯ ಮಂಡಿಗೆ ಏನೂ ಆಗಿಲ್ಲ ಎಂಬುದು ಎಲ್ಲರಿಗೂ ಕಂಡಿತು. ಕಿಟಕಿಯ ಪಕ್ಕದ ಬೆಂಚುಗಳು ಕ್ಷಣದಲ್ಲಿ ತುಂಬಿದವು. ಮೂರ್ತಪ್ಪ ಮರದ ಕೆಳಗೇ ಉಳಿದ.

ಹನಿ ಜೋರಾಯಿತು. ಎಲೆಗಳ ನಡುವಿನಿಂದ ಅವನ ತಲೆಯ ಮೇಲೆ ಸುರಿಯಿತು. ಸುಮ್ಮನೆ ಹೋಗಿ ಕೂರುವುದು, ನೆಲ ನೋಡುತ್ತಾ ಕೂರುವುದು ಎಂದುಕೊಂಡ. ನೆಲ ನೋಡಲು ಯಾರ ಅಪ್ಪಣೆ ಬೇಕು? ಗಂಟೆ ಬಾರಿಸಿದಾಗ ಒಮ್ಮೆ ಮಾತ್ರ ತಲೆಯೆತ್ತುವುದು, ಅದೂ ಅವಳು ಇರುವ ಕಡೆಗಲ್ಲ. ಹೀಗೆ ಅಂದುಕೊಳ್ಳುವಾಗಲೇ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಆದರೂ ಕಾಲು ಮೆಟ್ಟಿಲ ಹತ್ತಿರ ಬಂದುಬಿಟ್ಟಿತ್ತು. ಯಶೋಧಾ ಅವತ್ತು ಹೇಳಿದ್ದು ಸರಿ, ಕಾಲನ್ನೂ ಕಟ್ಟಿಹಾಕಬೇಕಿತ್ತು.

ಸಾಲು ಬಾಗಿಲೊಳಗೆ ಹೋಗುತ್ತಿತ್ತು. ಕೊನೆಯಲ್ಲಿ ಮೇಘಶ್ರೀ. ಅವಳ ಕೈಯಲ್ಲಿದ್ದ ಹಾಲ್ ಟಿಕೆಟ್ ನೋಡುತ್ತಾ ಅಧಿಕಾರಿ ಕೇಳಿದಳು:

"ಯಾಕಮ್ಮ, ಬೆರಳು ಉಜ್ಜುತ್ತಾನೇ ಇದೀಯ? ಭಯನಾ?"

"ಸ್ವಲ್ಪ ಮೇಡಂ."

"ಅಲ್ಲಿ ಮೆಟ್ಟಿಲ ಮೇಲೆ ನೆನೀತಾ ನಿಂತಿರೋರು ನಿಮ್ಮಪ್ಪನಾ? ನಿನ್ನೇ ನೋಡ್ತಾ ಅವರೆ." ಅಧಿಕಾರಿ ನಕ್ಕಳು. "ಬರ್ರಿ ಯಜಮಾನ್ರೆ, ಬರ್ರಿ. ಬಾಗಿಲ ಎದುರಿಗೇ ಕುರ್ಚಿ ಹಾಕಿಸ್ತೀನಿ, ಅಲ್ಲೇ ಕುಂತ್ಕಳ್ರಿ. ಮಗಳಿಗೆ ನಿಮ್ಮ ಮುಖ ಕಾಣ್ತಾ ಇದ್ರೆ ಧೈರ್ಯ ಇರ್ತೈತೆ. ಏನಮ್ಮ, ಆಗ್ಬೋದಲ್ಲ?"

ಮೇಘಶ್ರೀ ತಿರುಗಿ ಅಪ್ಪನನ್ನು ನೋಡಿದಳು. ಮಳೆಯಲ್ಲಿ ತೊಯ್ದ ಮೂರ್ತಪ್ಪ ಅವಳ ಮುಖದಲ್ಲಿ ಒಂದೇ ಒಂದು ಗೆರೆಗಾಗಿ ಹುಡುಕಿದ. ಸಿಗಲಿಲ್ಲ. ಅವಳು ಅಧಿಕಾರಿಯ ಕಡೆ ತಿರುಗಿದಳು.

"ಬ್ಯಾಡ ಮೇಡಂ," ಎಂದಳು. "ನಮ್ಮಪ್ಪ ಬರೋದು ಬ್ಯಾಡ."